ಹಳೆಯ ಗಣಕವೂ ಓದುವಂತೆ ಸಿಡಿ ರೈಟ್ ಮಾಡುವುದು ಹೇಗೆ?

ಹಳೆಯ ಫಾಂಟು, ಪೇಜ್‌ಮೇಕರ್‌ಗಳ ಸಲುವಾಗಿ ವಿಂಡೋಸ್ 98 ಗಣಕವನ್ನು ಉಳಿಸಿಕೊಂಡ ಡಿಟಿಪಿಯವರಿದ್ದಾರೆ. ಯಂತ್ರದ ಜೊತೆಗೇ ಬಂದ ಡಾಸ್ ಗಣಕವನ್ನು ಬಿಡಲಾಗದ ವರ್ಕ್‌ಶಾಪಿನವರೂ ಇದ್ದಾರೆ. ಇಂಥ ಗಣಕಕ್ಕೆ ಫೈಲ್ ತಲುಪಿಸುವುದೇ ಒಂದು ತಲೆನೋವು. ಡಾಸ್‌ಗೆ ಪೆನ್‌ಡ್ರೈವ್ ಎಂದರೆ ಏನೆಂದೇ ತಿಳಿಯದು. ವಿಂಡೋಸ್ 98ಕ್ಕೆ ಅದರ ಡ್ರೈವರ್ ಬೇರೆ ಹಾಕಬೇಕು. ಫ್ಲಾಪಿಯಲ್ಲಿ ಹಿಡಿಯುವುದು 1.44 ಎಂಬಿ ಮಾತ್ರ. ಕೊನೆಗೆ ಉಳಿಯುವುದು ಸಿಡಿ. ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ರೈಟ್ ಮಾಡಿ ತಂದ ಸಿಡಿ ಹಾಕಿ ನೋಡಿದರೆ ಹೆಸರುಗಳು ಎಂಟಕ್ಷರಕ್ಕೆ ಮೊಟಕಾಗಿರುತ್ತವೆ, ಇಲ್ಲವೇ ಸಿಡಿಯನ್ನು ಓದಲಾಗದು ಎಂಬ ಉತ್ತರ ಬರುತ್ತದೆ. ಅನೇಕ ಸಲ ತಪ್ಪಿರುವುದು ಸಿಡಿಯಲ್ಲಲ್ಲ, ರೈಟ್ ಮಾಡುವಾಗ ಆರಿಸಿದ ಫೈಲ್ ಸಿಸ್ಟಮ್‌ನಲ್ಲಿ.

ಸಿಡಿಯ ಮೂಲ ಪದ್ಧತಿ 1988ರ ಐಎಸ್‌ಒ 9660. ಆಗಿನ ಡಾಸ್‌ಗೂ ಹೊಂದಬೇಕೆಂದು ಅದರ ಮೊದಲ ಹಂತದಲ್ಲಿ, ಅಂದರೆ ಲೆವೆಲ್ 1ರಲ್ಲಿ, ಫೈಲಿನ ಹೆಸರಿಗೆ 8 ಅಕ್ಷರ, ಚುಕ್ಕೆಯ ನಂತರ 3 ಅಕ್ಷರ ಎಂದು ಗೊತ್ತುಮಾಡಿದರು. ಅದೂ ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ. ನಡುವೆ ಜಾಗ ಬಿಡುವಂತಿಲ್ಲ. ಲೆವೆಲ್ 2ರಲ್ಲಿ ಹೆಸರು 31 ಅಕ್ಷರದವರೆಗೆ ಹೋಗಬಹುದು, ಆದರೆ ಡಾಸ್ ಇದನ್ನು ಸರಿಯಾಗಿ ಓದುತ್ತದೆಂದು ನಂಬಬೇಡಿ. ವಿಂಡೋಸ್ 95 ಬಂದಾಗ ಮೈಕ್ರೋಸಾಫ್ಟ್ ಜೋಲಿಯೆಟ್ ಎಂಬ ಸೇರ್ಪಡೆ ತಂದಿತು: 64 ಅಕ್ಷರದ ಹೆಸರು, ಯೂನಿಕೋಡ್ ಸಮೇತ. ಯುನಿಕ್ಸ್, ಲಿನಕ್ಸ್‌ನವರದು ರಾಕ್ ರಿಡ್ಜ್. ಅದನ್ನು ವಿಂಡೋಸ್ ಓದುವುದಿಲ್ಲ. ಆಮೇಲೆ ಬಂದದ್ದು ಯುಡಿಎಫ್. ಹೊಸ ಗಣಕಗಳಿಗೆ ಅದು ಸಲೀಸು, ವಿಂಡೋಸ್ 95ಕ್ಕೆ ಗೊತ್ತೇ ಇಲ್ಲ.

ಇಲ್ಲಿ ಒಂದು ಅನುಕೂಲವಿದೆ. ಒಂದೇ ಪುಸ್ತಕಕ್ಕೆ ಎರಡು ಪರಿವಿಡಿ ಹಾಕಿದ ಹಾಗೆ, ಒಂದೇ ಸಿಡಿಯಲ್ಲಿ ಐಎಸ್‌ಒ ಮತ್ತು ಜೋಲಿಯೆಟ್ ಎರಡೂ ಇರಬಹುದು. ಫೈಲ್‌ಗಳು ಒಂದೇ ಸಲ ಬರೆದಿರುತ್ತವೆ. ಡಾಸ್ ಗಿಡ್ಡ ಹೆಸರಿನ ಪಟ್ಟಿ ನೋಡುತ್ತದೆ, ವಿಂಡೋಸ್ 95 ಮತ್ತು ಅದರ ನಂತರದವು ಉದ್ದ ಹೆಸರಿನ ಪಟ್ಟಿ ನೋಡುತ್ತವೆ. ಹೆಚ್ಚಿನ ಜಾಗವೂ ಹಿಡಿಯುವುದಿಲ್ಲ. ಹಳೆಯ ಗಣಕ ಯಾವುದೇ ಇರಲಿ, ಈ ಜೋಡಿಯನ್ನೇ ಆರಿಸಿ ಎಂಬುದು ನನ್ನ ಸಲಹೆ.

ಮೊದಲು ಹೆಸರು ಸರಿಮಾಡಿ

ರೈಟ್ ಮಾಡುವ ಫೈಲ್‌ಗಳನ್ನೆಲ್ಲ ಬೇರೆ ಫೋಲ್ಡರಿಗೆ ನಕಲು ಮಾಡಿಕೊಳ್ಳಿ. ಮೂಲದ ಹೆಸರು ಮುಟ್ಟಬೇಡಿ. ಗಿಡ್ಡ ಹೆಸರನ್ನು ಸಾಫ್ಟ್‌ವೇರಿಗೆ ಬಿಟ್ಟರೆ ಅದು ತನ್ನ ಪಾಡಿಗೆ ಕತ್ತರಿಸುತ್ತದೆ. ‘ವಾರ್ಷಿಕ ವರದಿ 2003’, ‘ವಾರ್ಷಿಕ ವರದಿ 2004’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹೆಸರುಗಳ ಮೊದಲ ಎಂಟಕ್ಷರ ಒಂದೇ. ಎರಡನ್ನೂ ಬೇರೆ ಮಾಡಲು ಸಾಫ್ಟ್‌ವೇರ್ ಕೊನೆಗೊಂದು ಅಂಕಿ ಅಂಟಿಸುತ್ತದೆ. ಯಾವುದು ಯಾವ ವರ್ಷದ್ದೆಂದು ತಿಳಿಯಬೇಕಾದರೆ ಒಂದೊಂದನ್ನೂ ತೆರೆದೇ ನೋಡಬೇಕು. ಅದರ ಬದಲು ಇಸವಿಯನ್ನು ಹೆಸರಿನ ಮುಂದಕ್ಕೆ ತನ್ನಿ. ಮೊದಲ ಎಂಟಕ್ಷರದಲ್ಲೇ ವ್ಯತ್ಯಾಸ ಕಾಣುವಂತಿದ್ದರೆ ಸಾಕು, ಮುಂದೆ ಜೋಲಿಯೆಟ್‌ನ 64ರ ಮಿತಿಯೊಳಗೆ ಎಷ್ಟು ಉದ್ದವಿದ್ದರೂ ನಡೆಯುತ್ತದೆ. ಫೋಲ್ಡರಿನ ಹೆಸರಿಗೂ ಎಂಟೇ ಅಕ್ಷರ, ಚುಕ್ಕೆಯಿಲ್ಲದೆ. ಫೋಲ್ಡರಿನೊಳಗೆ ಫೋಲ್ಡರ್ ಎಂದು ಎಂಟು ಹಂತಕ್ಕಿಂತ ಆಳಕ್ಕೆ ಇಳಿಯಬೇಡಿ.

ಕನ್ನಡದಲ್ಲಿ ಹೆಸರು ಕೊಡುವವರು ಇನ್ನೊಂದು ಲೆಕ್ಕ ನೋಡಬೇಕು. ಜೋಲಿಯೆಟ್‌ನ 64 ಎಂದರೆ ಕಣ್ಣಿಗೆ ಕಾಣುವ ಅಕ್ಷರವಲ್ಲ, ಯೂನಿಕೋಡ್ ಸಂಕೇತ. ‘ಕರ್ನಾಟಕ’ ನಮಗೆ ನಾಲ್ಕಕ್ಷರ, ಗಣಕಕ್ಕೆ ಏಳು. ‘ಸ್ತ್ರೀ’ ಒಂದೇ ಅಕ್ಷರ, ಹಿಡಿಯುವುದು ಆರು. ಚುಕ್ಕೆ ಮತ್ತು ಅದರ ಮುಂದಿನ ಮೂರಕ್ಷರವೂ ಇದರಲ್ಲೇ ಸೇರುತ್ತವೆ. ಅಷ್ಟು ಲೆಕ್ಕ ಹಾಕಿ ಬರೆದರೂ ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡ ಬಾರದು. ಹೆಸರಿನ ಜಾಗದಲ್ಲಿ ಬರೀ ಗೆರೆಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಕಂಡಾವು. ಕನ್ನಡದ ಹೆಸರು ಎಕ್ಸ್‌ಪಿ ಮತ್ತು ಅದರ ನಂತರದ ಗಣಕಗಳಿಗೆ ಮಾತ್ರ ಇರಲಿ. ಉಳಿದವುಗಳಿಗೆ ಇಂಗ್ಲಿಷ್ ಅಕ್ಷರವೇ ಕ್ಷೇಮ.

ಯಾವ ಗಿಡ್ಡ ಹೆಸರು ಯಾವ ಕಡತದ್ದು ಎಂದು ನೋಟ್‌ಪ್ಯಾಡಿನಲ್ಲಿ ಒಂದು ಪಟ್ಟಿ ಮಾಡಿ ಅದನ್ನೂ ಸಿಡಿಗೆ ಸೇರಿಸಿ. ನೂರಾರು ಫೈಲ್‌ಗಳಿದ್ದರಂತೂ ಇದಿಲ್ಲದೆ ಆಗದು.

ರೈಟ್ ಮಾಡುವಾಗ

ವಿಂಡೋಸಿನಲ್ಲೇ ಇರುವ ಸೌಲಭ್ಯ ಬಳಸುವುದಾದರೆ ಸಿಡಿ ಹಾಕಿದಾಗ ಎರಡು ಆಯ್ಕೆ ತೋರಿಸುತ್ತದೆ. ‘ಯುಎಸ್‌ಬಿ ಫ್ಲ್ಯಾಶ್ ಡ್ರೈವ್‌ನಂತೆ’ ಎಂಬುದು ಯುಡಿಎಫ್. ಹಳೆಯ ಗಣಕಕ್ಕೆ ಬೇಡ. ‘ಸಿಡಿ/ಡಿವಿಡಿ ಪ್ಲೇಯರ್‌ನೊಂದಿಗೆ’ ಎಂಬುದನ್ನೇ ಒತ್ತಿ. ಆದರೆ ಹೆಸರಿನ ಮೇಲೆ ಪೂರ್ತಿ ಹಿಡಿತ ಬೇಕಿದ್ದರೆ ಇಮ್ಗ್‌ಬರ್ನ್ ಎಂಬ ಉಚಿತ ಸಾಫ್ಟ್‌ವೇರ್ ಒಳ್ಳೆಯದು. (ಇನ್‌ಸ್ಟಾಲ್ ಮಾಡುವಾಗ ಬೇರೇನಾದರೂ ಹಾಕಲೇ ಎಂದು ಕೇಳಿದರೆ ಬೇಡವೆನ್ನಿ.) ಅದರಲ್ಲಿ ಫೈಲ್‌ಗಳನ್ನು ಡಿಸ್ಕಿಗೆ ಬರೆಯುವ ಆಯ್ಕೆಗೆ ಹೋಗಿ ಫೋಲ್ಡರನ್ನು ಎಳೆದು ಹಾಕಿ. ಬಲಬದಿಯ ‘ಆಪ್ಷನ್ಸ್’ನಲ್ಲಿ ಫೈಲ್ ಸಿಸ್ಟಮ್ ಎಂಬಲ್ಲಿ ‘ಐಎಸ್‌ಒ 9660 + ಜೋಲಿಯೆಟ್’ ಆರಿಸಿ. ‘ಅಡ್ವಾನ್ಸ್ಡ್’ನ ‘ರಿಸ್ಟ್ರಿಕ್ಷನ್ಸ್’ನಲ್ಲಿ ಐಎಸ್‌ಒಗೆ ಲೆವೆಲ್ 1, ಜೋಲಿಯೆಟ್‌ಗೆ 64 ಅಕ್ಷರದ ಆಯ್ಕೆ. ಅಲ್ಲೇ ಇನ್ನೂ ಉದ್ದ ಹೆಸರಿಗೆ ಅವಕಾಶ ಕೊಡುವ ಆಯ್ಕೆಯೂ ಕಾಣುತ್ತದೆ. ಅದು ನಿಯಮ ಮೀರಿದ್ದು, ಹಳೆಯ ಗಣಕದ ಮೇಲೆ ಪ್ರಯೋಗ ಬೇಡ. ಲಿನಕ್ಸ್‌ನವರಿಗೆ ಕೆ3ಬಿ ಇದೆ. ಅದರಲ್ಲಿ ಜೋಲಿಯೆಟ್ ಮತ್ತು ರಾಕ್ ರಿಡ್ಜ್ ಎರಡಕ್ಕೂ ಗುರುತು ಹಾಕಿ, ಮಲ್ಟಿಸೆಷನ್, ಅಂದರೆ ಆಮೇಲೆ ಮತ್ತಷ್ಟು ಸೇರಿಸುವ ಆಯ್ಕೆ, ಬೇಡವೆನ್ನಿ.

ಸಿಡಿ-ಆರ್ ಬಳಸಿ, ಸಿಡಿ-ಆರ್‌ಡಬ್ಲ್ಯೂ ಬೇಡ. ಮತ್ತೆ ಮತ್ತೆ ಬರೆಯಬಹುದಾದ ಈ ತಟ್ಟೆ ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಬಹಳ ಹಳೆಯ ಡ್ರೈವ್‌ಗಳಿಗೆ ಅದು ಕಾಣುವುದೇ ಇಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ಬರೆದು ಸಿಡಿ ಮುಚ್ಚಿಬಿಡಿ, ಅಂದರೆ ಫೈನಲೈಸ್ ಮಾಡಿ. ಆಮೇಲೆ ಸೇರಿಸೋಣವೆಂದು ತೆರೆದಿಟ್ಟರೆ ಕೆಲವು ಹಳೆಯ ಡ್ರೈವ್‌ಗಳು ಮೊದಲು ಬರೆದದ್ದನ್ನು ಮಾತ್ರ ತೋರಿಸುತ್ತವೆ. ವೇಗ ಮಧ್ಯಮದಲ್ಲಿರಲಿ. ‘ವೆರಿಫೈ’ಗೆ ಗುರುತು ಹಾಕುವುದನ್ನು ಮರೆಯಬೇಡಿ.

ಹಳೆಯ ಗಣಕದಲ್ಲಿ

ಹೆಸರು ಸರಿ ಕಂಡರೂ ಫೈಲ್ ತೆರೆಯದಿದ್ದರೆ ಅದು ಬೇರೆ ಸಮಸ್ಯೆ. ಹೊಸ ವರ್ಡ್‌ನ ಕಡತ ಹಳೆಯ ವರ್ಡ್‌ಗೆ ತಿಳಿಯದು; ರೈಟ್ ಮಾಡುವ ಮೊದಲೇ ‘ವರ್ಡ್ 97–2003’ ರೂಪದಲ್ಲಿ ಉಳಿಸಬೇಕು. ವಿಂಡೋಸ್ 98 ಕೆಟ್ಟು, ಬೂಟ್ ಫ್ಲಾಪಿಯಿಂದ ಡಾಸ್‌ಗೆ ಹೋದಾಗಲೂ ಕಾಣುವುದು ಗಿಡ್ಡ ಹೆಸರೇ. ಆದ್ದರಿಂದ ಡ್ರೈವರ್‌ಗಳ ಸಿಡಿ ಮಾಡುವವರು ಎಂಟಕ್ಷರದ ಹೆಸರನ್ನೇ ಕೊಡಿ.

ಕೊನೆಯದಾಗಿ, ಸಿಡಿಯಿಂದ ನಕಲು ಮಾಡಿದ ಫೈಲ್ ವಿಂಡೋಸ್ 95, 98ರಲ್ಲಿ ತಿದ್ದಲು ಬಾರದಂತೆ ‘ರೀಡ್ ಓನ್ಲಿ’ ಆಗಿ ಬರುತ್ತದೆ. ಫೈಲುಗಳನ್ನೆಲ್ಲ ಆರಿಸಿ, ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ಆ ಗುರುತು ತೆಗೆದರೆ ಕೆಲಸ ಶುರುಮಾಡಬಹುದು.