ನಿರೋಧ್ ಬಳಸಿದ ಮೇಲೂ ಬಿಡದ ಏಡ್ಸ್ ಭಯ

ಇಪ್ಪತ್ತಾರು ವರ್ಷದ ಯುವಕ. ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಮದುವೆ ನಿಶ್ಚಯವಾಗಿದೆ, ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ. ನನ್ನೆದುರು ಕುಳಿತವನು ಚೀಲದಿಂದ ರಬ್ಬರ್ ಬ್ಯಾಂಡ್ ಸುತ್ತಿದ ಕಾಗದದ ಕಟ್ಟೊಂದನ್ನು ತೆಗೆದಿಟ್ಟ. ಒಂದೇ ಪರೀಕ್ಷೆಯ ಏಳು ವರದಿಗಳು, ಏಳು ಬೇರೆ ಬೇರೆ ಲ್ಯಾಬೋರೇಟರಿಗಳವು. ಏಳರಲ್ಲೂ ‘ಎಚ್‌ಐವಿ ನೆಗೆಟಿವ್’ ಎಂದೇ ಇತ್ತು.

“ಡಾಕ್ಟ್ರೇ, ಇದರಲ್ಲಿ ಯಾವುದನ್ನು ನಂಬಲಿ?” ಎಂದ.

ಐದು ತಿಂಗಳ ಹಿಂದೆ ಗೆಳೆಯರೊಡನೆ ಪ್ರವಾಸ ಹೋದಾಗ ಅಪರಿಚಿತ ಹೆಣ್ಣೊಬ್ಬಳೊಂದಿಗೆ ಒಮ್ಮೆ ದೇಹಸಂಪರ್ಕವಾಗಿತ್ತು. ನಿರೋಧ್ ಬಳಸಿದ್ದ. ಅದು ಹರಿದಿರಲಿಲ್ಲ, ಜಾರಿರಲೂ ಇಲ್ಲ. ಊರಿಗೆ ಮರಳಿದ ಹತ್ತನೆಯ ದಿನ ಗಂಟಲು ನೋವು ಬಂತು, ಮೈ ಬಿಸಿಯಾಯಿತು. ಅಷ್ಟೇ ಸಾಕಾಯಿತು. ಅಂದಿನಿಂದ ದಿನಕ್ಕೆ ಹತ್ತು ಸಲ ಕನ್ನಡಿಯ ಮುಂದೆ ನಿಂತು ನಾಲಿಗೆ ನೋಡಿಕೊಳ್ಳುತ್ತಾನೆ, ಕುತ್ತಿಗೆಯ ಗ್ರಂಥಿಗಳನ್ನು ಒತ್ತಿ ಒತ್ತಿ ಪರೀಕ್ಷಿಸುತ್ತಾನೆ. ಊಟ ಸೇರದು, ನಿದ್ದೆ ಹತ್ತದು. ಐದು ಕಿಲೋ ತೂಕ ಇಳಿದಿದೆ. ಮದುವೆ ಮುಂದೂಡಲು ನೆಪ ಹುಡುಕುತ್ತಿದ್ದಾನೆ. ಏನು ನಡೆದಿದೆಯೆಂದು ತಿಳಿಯದೆ ಎರಡೂ ಮನೆಯವರು ಕಂಗಾಲಾಗಿದ್ದಾರೆ.

ಇಂಥವರು ವೈದ್ಯರಿಗೆ ಅಪರೂಪವಲ್ಲ. ಆದರೆ ಇವರ ಪ್ರಶ್ನೆಯನ್ನು ಮನೆಮಂದಿ ಓದುವ ಪತ್ರಿಕೆಯಲ್ಲಿ ಚರ್ಚಿಸಲು ಸಂಕೋಚಪಡುವವರೇ ಹೆಚ್ಚು. ಮನೆಯ ಹುಡುಗನೊಬ್ಬ ಒಳಗೊಳಗೇ ಸವೆಯುವುದಕ್ಕಿಂತ ಆ ಸಂಕೋಚ ದೊಡ್ಡದಲ್ಲವೆಂದು ಈ ವಾರ ಇದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ನಿರೋಧ್ ವಿಚಾರ. 1968ರಲ್ಲಿ ಸರ್ಕಾರ ಕುಟುಂಬ ಯೋಜನೆಗಾಗಿ ಈ ಹೆಸರಿನ ಕಾಂಡೋಮನ್ನು ಮಾರಾಟಕ್ಕೆ ತಂದಿತು. ಇಂದು ಯಾವ ಕಂಪನಿಯದಾದರೂ ನಮ್ಮ ಜನರ ಬಾಯಲ್ಲಿ ಅದು ನಿರೋಧ್ ಎಂದೇ. ಇದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ವೈರಸ್ ಅದರ ಮೂಲಕ ನುಸುಳುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಎಚ್‌ಐವಿ ಅತಿ ಸೂಕ್ಷ್ಮ ನಿಜ, ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಆದರೆ ಅದು ಗಾಳಿಯಲ್ಲಿ ಹಾರಿ ಬರುವುದಿಲ್ಲ. ವೀರ್ಯ, ಯೋನಿಸ್ರಾವ, ರಕ್ತ ಇವುಗಳೊಳಗೇ ಇದ್ದು ಸಾಗುತ್ತದೆ. ಆ ದ್ರವವನ್ನು ಲೇಟೆಕ್ಸ್ ಪದರ ತಡೆದರೆ ವೈರಸ್ಸನ್ನೂ ತಡೆದಂತೆಯೇ. ಕಾರ್ಖಾನೆಯಲ್ಲಿ ಪ್ರತಿಯೊಂದು ಕಾಂಡೋಮನ್ನೂ ವಿದ್ಯುತ್ ಪರೀಕ್ಷೆಗೆ ಒಡ್ಡಿ, ತೂತಿದ್ದುದನ್ನು ಬೇರ್ಪಡಿಸುತ್ತಾರೆ.

ಪ್ರಯೋಗಾಲಯದ ಮಾತು ಹಾಗಿರಲಿ, ನಿಜಜೀವನದಲ್ಲಿ ಏನಾಯಿತು ನೋಡಿ. ಗಂಡ ಅಥವಾ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ ಜೋಡಿಗಳನ್ನು ಯುರೋಪಿನ ವೈದ್ಯರು ಸರಾಸರಿ ಇಪ್ಪತ್ತು ತಿಂಗಳ ಕಾಲ ಗಮನಿಸಿ, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿ ಸಲವೂ ತಪ್ಪದೆ ಕಾಂಡೋಮ್ ಬಳಸಿದ ಜೋಡಿಗಳು 124. ಒಟ್ಟು ಸುಮಾರು 15,000 ಬಾರಿ ಸಂಪರ್ಕ ನಡೆದರೂ ಅವರಲ್ಲಿ ಒಬ್ಬರಿಗೂ ಸೋಂಕು ದಾಟಲಿಲ್ಲ! ಒಮ್ಮೆ ಬಳಸಿ ಒಮ್ಮೆ ಬಿಟ್ಟ ಜೋಡಿಗಳಲ್ಲಿ ಮಾತ್ರ ಕೆಲವರಿಗೆ ದಾಟಿತು. ಸಂಗಾತಿಗೆ ಸೋಂಕು ಇರುವುದು ಖಚಿತವಾಗಿದ್ದಾಗಲೇ ಸ್ಥಿತಿ ಹೀಗಿದ್ದರೆ, ಸೋಂಕು ಇದೆಯೋ ಇಲ್ಲವೋ ತಿಳಿಯದವರೊಡನೆ ನಡೆದ ಒಂದು ಸಂಪರ್ಕದಲ್ಲಿ, ಕೊನೆಯವರೆಗೂ ಹರಿಯದೆ ಉಳಿದ ಕಾಂಡೋಮ್ ಎಷ್ಟು ರಕ್ಷಣೆ ಕೊಟ್ಟೀತೆಂದು ನೀವೇ ಲೆಕ್ಕ ಹಾಕಿ.

ಹಾಗೆಂದು ಹೇಗೆ ಬಳಸಿದರೂ ನಡೆಯುತ್ತದೆ ಎಂದಲ್ಲ. ನಮ್ಮವರು ಜಾರಿಕೆಗೆಂದು ಕೈಗೆ ಸಿಕ್ಕ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚುವುದುಂಟು. ಎಣ್ಣೆ, ಜಿಡ್ಡು ತಗುಲಿದರೆ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಪರ್ಸಿನಲ್ಲಿ ಬೆವರಿಗೆ, ಬಿಸಿಗೆ ಸಿಕ್ಕಿದ್ದು, ಅವಧಿ ಮೀರಿದ್ದು ಕೂಡ ಹರಿಯಬಹುದು. ಒಂದರ ಮೇಲೊಂದು ಎರಡು ಹಾಕಿಕೊಳ್ಳುವ ಜಾಣತನ ಬೇಡ. ಅರ್ಧದಲ್ಲಿ ಹಾಕಿಕೊಂಡರೆ ಅಷ್ಟರೊಳಗೆ ಸಂಪರ್ಕ ಆಗಿಯೇ ಇರುತ್ತದೆ.

ಹರಿದೇ ಹೋಯಿತು ಎನ್ನಿ. ಆಗ ಕಾಯಬಾರದು. ಎಚ್‌ಐವಿ ಬೇರೂರದಂತೆ ತಡೆಯುವ ಮಾತ್ರೆಗಳಿವೆ. ಇದಕ್ಕೆ ಪೆಪ್ ಚಿಕಿತ್ಸೆ ಎಂದು ಹೆಸರು. 72 ಗಂಟೆಯೊಳಗೆ, ಅದರಲ್ಲೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಶುರು ಮಾಡಿ 28 ದಿನ ನುಂಗಬೇಕು. ಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಅಂಗಡಿಯಲ್ಲಿ ಕೇಳಿ ತಂದು ನುಂಗುವಂಥದ್ದಲ್ಲ. ಕಾಂಡೋಮ್ ಹರಿಯದಿದ್ದವರಿಗೆ ಸಾಮಾನ್ಯವಾಗಿ ಇದರ ಅಗತ್ಯವೇ ಇರುವುದಿಲ್ಲ.

ಇನ್ನು ಲಕ್ಷಣಗಳ ವಿಷಯ. ಜನರು ಹೆಚ್ಚು ಎಡವುವುದು ಇಲ್ಲಿಯೇ. ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಕೈ ನೋವು, ಗಂಧೆ, ಗ್ರಂಥಿಗಳ ಊತ ಕಾಣಿಸಿಕೊಂಡು ತಾವಾಗಿಯೇ ಮಾಯವಾಗುತ್ತವೆ. ಇದು ನಿಜ. ಆದರೆ ಮಳೆಗಾಲದ ಫ್ಲೂ, ಡೆಂಗೆ, ಸಾಮಾನ್ಯ ಶೀತ ಇವೂ ಹೀಗೆಯೇ ಬರುತ್ತವೆ. ಸೋಂಕು ತಗುಲಿದ ಎಷ್ಟೋ ಜನರಿಗೆ ಏನೂ ಆಗದಿರಬಹುದು. ಆದ್ದರಿಂದ ಜ್ವರ ಬಂತೆಂದು ಎಚ್‌ಐವಿ ಇದೆ ಎನ್ನಲಾಗದು, ಬರಲಿಲ್ಲವೆಂದು ಇಲ್ಲ ಎನ್ನಲೂ ಆಗದು.

ಭಯಕ್ಕೂ ಅದರದೇ ಲಕ್ಷಣಗಳಿವೆ. ಬಾಯಿ ಒಣಗುವುದು, ಅಂಗೈ ಬೆವರುವುದು, ಎದೆ ಹೊಡೆದುಕೊಳ್ಳುವುದು, ಭೇದಿ, ಸ್ನಾಯುಗಳ ಅದುರು, ಜುಮುಜುಮು. ಊಟ ಬಿಟ್ಟವನ ತೂಕ ಇಳಿಯದೆ ಇನ್ನೇನಾದೀತು? ಬಾಯಿ ಒಣಗಿದವನ ನಾಲಿಗೆ ಬೆಳ್ಳಗಿರುವುದೂ ಸಹಜ. ಎಲ್ಲರ ಕುತ್ತಿಗೆಯಲ್ಲೂ ಕೈಗೆ ಸಿಗುವ ಸಣ್ಣ ಗ್ರಂಥಿಗಳಿರುತ್ತವೆ. ದಿನವಿಡೀ ಒತ್ತುತ್ತಿದ್ದರೆ ಅವು ನೋಯುತ್ತವೆ. ಆ ನೋವೇ ಮತ್ತೊಂದು ಸಾಕ್ಷಿಯಾಗಿ ಭಯ ಇಮ್ಮಡಿಸುತ್ತದೆ!

ಹಾಗಾದರೆ ನಿಜ ತಿಳಿಯುವುದು ಹೇಗೆ? ರಕ್ತ ಪರೀಕ್ಷೆಯಿಂದ ಮಾತ್ರ, ಅದೂ ಸರಿಯಾದ ಸಮಯದಲ್ಲಿ. ಸೋಂಕು ತಗುಲಿದ ಮರುದಿನವೇ ಅದು ಪರೀಕ್ಷೆಗೆ ಸಿಗದು. ಹೀಗೆ ಸಿಗದೆ ಉಳಿಯುವ ಕಾಲವನ್ನು ಗವಾಕ್ಷಿ ಅವಧಿ ಎನ್ನುತ್ತಾರೆ. ವೈರಸ್ಸಿನ ಪಿ24 ಎಂಬ ಪ್ರೋಟೀನನ್ನೂ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನೂ ಒಟ್ಟಿಗೆ ಹುಡುಕುವ ‘ನಾಲ್ಕನೇ ತಲೆಮಾರಿನ’ ಪರೀಕ್ಷೆಯನ್ನು ರಕ್ತನಾಳದಿಂದ ತೆಗೆದ ರಕ್ತದ ಮೇಲೆ ಲ್ಯಾಬಿನಲ್ಲಿ ಮಾಡಿದರೆ 45 ದಿನ ಸಾಕು. ಬೆರಳು ಚುಚ್ಚಿ ಮಾಡುವ ತ್ವರಿತ ಪರೀಕ್ಷೆಯಾದರೆ 90 ದಿನ ಕಳೆಯಬೇಕು. 1985ರಲ್ಲಿ ಮೊದಲ ಪರೀಕ್ಷೆ ಬಂದಾಗ ಅದರ ದೃಷ್ಟಿ ಇಷ್ಟು ಚುರುಕಾಗಿರಲಿಲ್ಲ. ಅದಕ್ಕೇ ಆಗೆಲ್ಲ ಆರು ತಿಂಗಳು ಕಾಯಿರಿ ಎನ್ನುತ್ತಿದ್ದರು. ಆ ಹಳೆಯ ಮಾತು ಇನ್ನೂ ಓಡಾಡುತ್ತಿದ್ದು, ಅನೇಕರ ನಿದ್ದೆ ಕೆಡಿಸುತ್ತಿದೆ. ಪೆಪ್ ಮಾತ್ರೆ ತೆಗೆದುಕೊಂಡವರ ಲೆಕ್ಕ ಮಾತ್ರ ಬೇರೆ, ಅದನ್ನು ವೈದ್ಯರೇ ಹೇಳುತ್ತಾರೆ. ಉಳಿದವರಿಗೆ, ನಡುವೆ ಮತ್ತೊಂದು ಸಂಪರ್ಕ ಆಗಿಲ್ಲದಿದ್ದರೆ, ಮೂರು ತಿಂಗಳು ದಾಟಿದ ಮೇಲಿನ ನೆಗೆಟಿವ್ ವರದಿ ಅಂತಿಮ. ಅದನ್ನು ಇನ್ನೊಂದು ವರದಿಯಿಂದ ಗಟ್ಟಿಮಾಡಿಕೊಳ್ಳಬೇಕಾಗಿಲ್ಲ.

ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತ. ಆಪ್ತ ಸಮಾಲೋಚಕರು ಮೊದಲು ಕೂರಿಸಿ ಮಾತನಾಡಿಸುತ್ತಾರೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳಿದೆ. ಹೋಗುವ ಮುನ್ನ ಫೋನಿನಲ್ಲೇ ವಿಚಾರಿಸಬೇಕೆಂದರೆ 1097 ಉಚಿತ ಸಹಾಯವಾಣಿ ಇದೆ. ಇಲ್ಲಿ ಮತ್ತೊಂದು ಮಾತು: ಗುಪ್ತಾಂಗದಲ್ಲಿ ಹುಣ್ಣು, ಕೀವು, ಉರಿಮೂತ್ರ ಕಂಡರೆ ಎಚ್‌ಐವಿ ಇಲ್ಲವೆಂದು ಸುಮ್ಮನಿರಬೇಡಿ. ಹರ್ಪಿಸ್, ಸಿಫಿಲಿಸ್‌ನಂಥವು ಕಾಂಡೋಮ್ ಮುಚ್ಚದ ಚರ್ಮದಿಂದಲೂ ಅಂಟಬಲ್ಲವು. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ತೋರಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದರೂ ನಮ್ಮ ಯುವಕನ ಮುಖ ಅರಳಲಿಲ್ಲ. ಅವನ ಏಳು ವರದಿಗಳಲ್ಲಿ ಮೂರು, ಮೂರು ತಿಂಗಳ ನಂತರದವೇ. ವಿಜ್ಞಾನ ಕೊಡಬೇಕಾದ ಉತ್ತರವನ್ನು ಆಗಲೇ ಕೊಟ್ಟಾಗಿತ್ತು. ಬಹಳ ಹೊತ್ತು ಸುಮ್ಮನಿದ್ದು, “ತಪ್ಪು ಮಾಡಿದ್ದೀನಲ್ಲ ಸಾರ್, ಏನೂ ಆಗದೆ ಹೇಗಿರುತ್ತೆ?” ಎಂದ. ಬೇರು ಇದ್ದದ್ದು ಅಲ್ಲಿ. ಹಿಂದಿನ ತಲೆಮಾರಿನ ಹುಡುಗರು ಧಾತು ಹೋಗಿ ನಿತ್ರಾಣವಾಯಿತೆಂದು ಕೊರಗುತ್ತಿದ್ದರು. ಆ ಕೊರಗಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಪಾಪಪ್ರಜ್ಞೆ ದೇಹದ ಮೇಲೆ ಕಾಯಿಲೆಯ ವೇಷ ಹಾಕಿಕೊಂಡು ಬರುವುದು ನಮಗೆ ಹೊಸದಲ್ಲ. ತಾನು ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಅವನು ತನ್ನ ಮನಸ್ಸಿನೊಡನೆ ತೀರ್ಮಾನಿಸಿಕೊಳ್ಳಬೇಕು. ವೈರಸ್ಸಿಗೆ ಆ ಲೆಕ್ಕ ಗೊತ್ತಿಲ್ಲ.

ಎಂಟನೆಯ ಪರೀಕ್ಷೆಗೆ ನಾನು ಚೀಟಿ ಬರೆಯಲಿಲ್ಲ. ಪ್ರತಿ ಹೊಸ ವರದಿ ಎರಡು ದಿನ ಸಮಾಧಾನ ಕೊಟ್ಟು ಮೂರನೆಯ ದಿನ ಹೊಸ ಅನುಮಾನ ಹುಟ್ಟಿಸುತ್ತದೆ, ಕಡಿತ ಕೆರೆದುಕೊಂಡ ಹಾಗೆ. ಬದಲಿಗೆ ಮನೋವೈದ್ಯರೊಬ್ಬರಿಗೆ ಪತ್ರ ಕೊಟ್ಟೆ. ಕನ್ನಡಿ ನೋಡುವುದನ್ನು, ಕುತ್ತಿಗೆ ಒತ್ತುವುದನ್ನು ದಿನದಿನಕ್ಕೆ ಕಡಿಮೆ ಮಾಡುವ ಅಭ್ಯಾಸವನ್ನೂ ಕೆಲಕಾಲ ಮಾತ್ರೆಯನ್ನೂ ಅವರು ಹೇಳಿದರು. ಎರಡು ತಿಂಗಳಿಗೆ ಮೂರು ಕಿಲೋ ತೂಕ ಮರಳಿತು. ಮದುವೆಯೂ ಗೊತ್ತಾದ ದಿನವೇ ನಡೆಯಿತು.

ಮನೆಯ ಹಿರಿಯರಿಗೂ ಒಂದು ಮಾತು. ಮಗ ಇಂಥದ್ದನ್ನು ಬಾಯಿಬಿಟ್ಟು ಹೇಳಿದರೆ ಅಂದೇ ಬೈದು ಮುಗಿಸಬೇಡಿ. ಮೊದಲು ಪರೀಕ್ಷೆಗೆ ಜೊತೆಯಲ್ಲಿ ಹೋಗಿ. ಒಂದು ವೇಳೆ ಯಾರದಾದರೂ ವರದಿ ಪಾಸಿಟಿವ್ ಬಂತು ಎಂದುಕೊಳ್ಳಿ. ಒಂದೇ ಕಿಟ್‌ನ ಫಲಿತಾಂಶವನ್ನು ಯಾರೂ ಕೊನೆಯೆಂದು ತಿಳಿಯುವುದಿಲ್ಲ, ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿಯೇ ಖಚಿತಪಡಿಸುತ್ತಾರೆ. ಖಚಿತವಾದರೂ ಎಆರ್‌ಟಿ ಮಾತ್ರೆಗಳನ್ನು 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಕೊಡುತ್ತಿದೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ಉಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲ.