ಹೊಲ ಹಸಿಯಾಗಿದ್ದರೂ ಬೆಳೆ ಬಾಡುವುದೇಕೆ?

ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳ ರೈತರಿಂದ ಬೇಸಿಗೆಯಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆಯೊಂದಿದೆ. ಕೊಳವೆ ಬಾವಿಯಲ್ಲಿ ನೀರಿದೆ, ಹನಿ ನೀರಾವರಿ ಇದೆ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಹಸಿಯಾಗಿಯೇ ಇದೆ. ಆದರೂ ಟೊಮ್ಯಾಟೊ ಗಿಡ ಮಧ್ಯಾಹ್ನ ಬಾಡುತ್ತದೆ, ಎಲೆಯ ಅಂಚು ಸುಟ್ಟಂತಾಗುತ್ತದೆ, ಬೀನ್ಸ್ ಹೂ ಉದುರುತ್ತದೆ. ಇದನ್ನು ರೋಗವೆಂದೇ ಭಾವಿಸಿ ಔಷಧಿ ಸಿಂಪಡಿಸುವವರು ಬಹಳ. ರೋಗವೂ ಇರಬಹುದು, ಅಲ್ಲಗಳೆಯುವಂತಿಲ್ಲ. ಬಾಡಿದ ಟೊಮ್ಯಾಟೊ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದರೆ, ಹಾಲಿನಂತಹ ಎಳೆ ಇಳಿದುಬಂದಲ್ಲಿ ಅದು ದುಂಡಾಣು ಸೊರಗು ರೋಗ. ಎಳೆ ಬಾರದೆ, ಬೇರೂ ಕೊಳೆಯದೆ ಇದ್ದಲ್ಲಿ ನೀರನ್ನೇ ಅನುಮಾನಿಸಬೇಕಾಗುತ್ತದೆ.

ಏನಾದರೂ ಕರಗಿರುವ ನೀರು ಬರಿಯ ನೀರಿನಂತೆ ವರ್ತಿಸುವುದಿಲ್ಲ. ಅದರ ತೂಕ, ಕುದಿಯುವ ಉಷ್ಣತೆ, ವಿದ್ಯುತ್ತನ್ನು ಹರಿಯಗೊಡುವ ಗುಣ, ಪೊರೆಯ ಮೂಲಕ ಸಾಗುವ ರೀತಿ ಎಲ್ಲವೂ ಬದಲಾಗುತ್ತವೆ. ಇವುಗಳಲ್ಲಿ ಕೆಲವನ್ನು ನಾವು ತಿಳಿದೋ ತಿಳಿಯದೆಯೋ ದಿನವೂ ಬಳಸುತ್ತಿದ್ದೇವೆ.

ಭತ್ತದ ಬಿತ್ತನೆ ಬೀಜವನ್ನು ಉಪ್ಪು ನೀರಿನಲ್ಲಿ ಆರಿಸುವ ಕ್ರಮವನ್ನೇ ನೋಡಿ. ತಾಜಾ ಕೋಳಿಮೊಟ್ಟೆ ಸಾದಾ ನೀರಿನಲ್ಲಿ ಮುಳುಗುತ್ತದೆ. ಉಪ್ಪು ಕರಗಿಸುತ್ತಾ ಹೋದಂತೆ ನೀರಿನ ಸಾಂದ್ರತೆ ಹೆಚ್ಚಿ, ಮೊಟ್ಟೆ ಮೇಲೆದ್ದು ನಾಣ್ಯದಗಲದಷ್ಟು ತಲೆ ತೋರಿಸುತ್ತದೆ. ಆಗ ಬೀಜ ಸುರಿದರೆ ಜೊಳ್ಳು ತೇಲಿ ಗಟ್ಟಿ ಕಾಳು ತಳ ಸೇರುತ್ತದೆ. ಅನಂತರ ಬೀಜವನ್ನು ಸಾದಾ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯದಿದ್ದರೆ ಮೊಳಕೆ ಸರಿಯಾಗಿ ಬಾರದು. ಏಕೆ ಬಾರದೆಂಬುದೇ ಈ ಲೇಖನದ ವಿಷಯ.

ಇನ್ನು ಕುದಿತ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ನಮ್ಮ ಭಾಗದಲ್ಲಿ ಶುದ್ಧ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿ ಸೆಲ್ಷಿಯಸ್‌ಗೇ ಕುದಿಯುತ್ತದೆ. ಒಂದು ಲೀಟರ್ ನೀರಿಗೆ 58 ಗ್ರಾಂ ಅಡುಗೆ ಉಪ್ಪು ಕರಗಿಸಿದರೆ ಕುದಿಯುವ ಉಷ್ಣತೆ ಒಂದು ಡಿಗ್ರಿಯಷ್ಟು ಮೇಲೇರುತ್ತದೆ. ಅದೇ ಒಂದು ಡಿಗ್ರಿಗೆ ಸಕ್ಕರೆಯಾದರೆ ಸುಮಾರು 650 ಗ್ರಾಂ ಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಕರಗಿದ ವಸ್ತುವಿನ ತೂಕವಲ್ಲ, ಕಣಗಳ ಸಂಖ್ಯೆ. ಸಕ್ಕರೆಯ ಕಣ ದೊಡ್ಡದು, ಭಾರವಾದದ್ದು, ಕರಗಿದರೂ ಇಡಿಯಾಗಿಯೇ ಉಳಿಯುತ್ತದೆ. ಉಪ್ಪಿನ ಕಣ ಚಿಕ್ಕದು, ಮೇಲಾಗಿ ನೀರಿಗೆ ಬಿದ್ದೊಡನೆ ಸೋಡಿಯಂ ಮತ್ತು ಕ್ಲೋರೈಡ್ ಎಂದು ಎರಡಾಗಿ ಒಡೆಯುತ್ತದೆ. ಆದ್ದರಿಂದ ಸ್ವಲ್ಪ ಉಪ್ಪು ಬಹಳ ಸಕ್ಕರೆಯ ಕೆಲಸ ಮಾಡುತ್ತದೆ. ಈ ತಲೆ ಎಣಿಕೆಯ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಗೊಬ್ಬರದ ವಿಷಯಕ್ಕೂ ಇದೇ ಬರುತ್ತದೆ.

ಈಗ ಬೇರಿನ ಕಡೆಗೆ ಬರೋಣ. ಬೇರಿನ ಜೀವಕೋಶದ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಕರಗಿದ ಲವಣವನ್ನು ಸುಲಭವಾಗಿ ಬಿಡುವುದಿಲ್ಲ. ಇಂತಹ ಪೊರೆಯ ಎರಡು ಬದಿಯಲ್ಲಿ ತೆಳು ಮತ್ತು ಗಟ್ಟಿ ದ್ರಾವಣಗಳಿದ್ದರೆ ನೀರು ತೆಳುವಾದ ಕಡೆಯಿಂದ ಗಟ್ಟಿಯಾದ ಕಡೆಗೆ ಹರಿಯುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಉಪ್ಪಿನಕಾಯಿಗೆ ಹಚ್ಚಿ ಉಪ್ಪು ಬೆರೆಸಿದ ಮಾವಿನ ಹೋಳು ರಾತ್ರಿ ಕಳೆಯುವಷ್ಟರಲ್ಲಿ ನೀರು ಬಿಟ್ಟು ಮುದುಡುವುದು ಇದರಿಂದಲೇ. 1877ರಲ್ಲಿ ಜರ್ಮನಿಯ ಸಸ್ಯ ವಿಜ್ಞಾನಿ ಫೆಫರ್, ರಂಧ್ರಮಯ ಮಣ್ಣಿನ ಕುಡಿಕೆಯ ಗೋಡೆಯಲ್ಲಿ ರಾಸಾಯನಿಕ ಪೊರೆಯೊಂದನ್ನು ಕಟ್ಟಿಸಿ ಈ ಸೆಳೆತವನ್ನು ಅಳೆದರು. ನೂರಕ್ಕೆ ಒಂದು ಭಾಗದ ಸಕ್ಕರೆ ದ್ರಾವಣವೇ ಸುಮಾರು 0.7 ವಾಯುಭಾರದ, ಅಂದರೆ ಏಳು ಮೀಟರ್ ನೀರಿನ ಕಂಬವನ್ನು ಎತ್ತಿ ಹಿಡಿಯುವಷ್ಟು ಒತ್ತಡ ತೋರಿಸಿತು. ಆ ಅಳತೆಗಳನ್ನೇ ಆಧರಿಸಿ ನಿಯಮ ಕಟ್ಟಿದ ವಾಂಟ್ ಹಾಫ್ ಅವರಿಗೆ 1901ರಲ್ಲಿ ರಸಾಯನ ಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ದೊರೆಯಿತು.

ಬೇರಿನ ಒಳಗಿನ ರಸ ಹೊರಗಿನ ಮಣ್ಣಿನ ನೀರಿಗಿಂತ ಗಟ್ಟಿಯಾಗಿರುವವರೆಗೆ ಗಿಡ ನೀರು ಕುಡಿಯುತ್ತದೆ. ಹೊರಗಿನ ನೀರಿನಲ್ಲಿ ಲವಣ ಹೆಚ್ಚಿದಂತೆ ನೀರು ಒಳಗೆ ಬರುವುದು ಕಷ್ಟವಾಗುತ್ತದೆ. ಮಣ್ಣು ಹಸಿಯಾಗಿರುತ್ತದೆ, ಗಿಡಕ್ಕೆ ಮಾತ್ರ ದಕ್ಕುವುದಿಲ್ಲ.

ಎಷ್ಟು ಕಷ್ಟವೆಂಬುದನ್ನು ಅಂಕಿಗಳಿಂದ ತಿಳಿಯಬಹುದು. ಶುದ್ಧ ನೀರಿನಲ್ಲಿ ವಿದ್ಯುತ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ; ಲವಣ ಕರಗಿದಷ್ಟೂ ಹರಿಯುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಲವಣವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ವರದಿಯಲ್ಲಿ ಡೆಸಿಸೀಮನ್ಸ್ ಎಂದು ಬರೆದಿರುತ್ತದೆ. ಹಳೆಯ ವರದಿಗಳಲ್ಲಿ ಮಿಲಿಮೋ ಎಂದಿದ್ದರೂ ಅಂಕಿ ಒಂದೇ. ಒಂದು ಡೆಸಿಸೀಮನ್ ಎಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ, ಸುಮಾರು 0.36 ವಾಯುಭಾರದ ಸೆಳೆತ. ನಿಮ್ಮ ಕೊಳವೆ ಬಾವಿಯ ನೀರು 2 ಡೆಸಿಸೀಮನ್ಸ್ ಇದೆ ಎನ್ನೋಣ. ಸೆಳೆತ 0.7 ವಾಯುಭಾರ ಮಾತ್ರ, ಭಯಪಡುವಂಥದ್ದೇನಲ್ಲ. ಆದರೆ ಗಿಡ ನೀರನ್ನು ಹೀರಿಕೊಂಡು ಲವಣವನ್ನು ಹಿಂದೆ ಬಿಡುತ್ತದೆ, ಬಿಸಿಲೂ ಹಾಗೆಯೇ ಮಾಡುತ್ತದೆ. ಹೀಗಾಗಿ ಬೇರಿನ ಸುತ್ತಲಿನ ನೀರು ಬಾವಿಯ ನೀರಿಗಿಂತ ಸುಮಾರು ಮೂರು ಪಟ್ಟು ಗಟ್ಟಿಯಾಗಿ, ಸೆಳೆತ ಎರಡು ವಾಯುಭಾರ ದಾಟುತ್ತದೆ. ಆ ಮಣ್ಣಿನ ನೀರು ಅರ್ಧಕ್ಕೆ ಇಳಿದರೆ ನಾಲ್ಕು ವಾಯುಭಾರವನ್ನೂ ಮೀರುತ್ತದೆ. ಒಣಗುತ್ತಿರುವ ಮಣ್ಣಿನ ಹಿಡಿತ ಇದರ ಮೇಲೆ ಬೇರೆ. ಎರಡೂ ಕೂಡಿ ಸುಮಾರು 15 ವಾಯುಭಾರ ಮುಟ್ಟಿದಲ್ಲಿ ಬಹುತೇಕ ಬೆಳೆಗಳು ಬಾಡಿ ಮತ್ತೆ ಚೇತರಿಸಿಕೊಳ್ಳಲಾರವು.

ಎಲ್ಲ ಬೆಳೆಗಳ ತಾಳಿಕೆ ಒಂದೇ ಅಲ್ಲ. ಅಮೆರಿಕದ ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ಇಂದಿಗೂ ಬಳಸಲಾಗುತ್ತಿದೆ. ನೀರು ತುಂಬಿಸಿ ಕಲಸಿದ ಮಣ್ಣಿನಿಂದ ತೆಗೆದ ಸಾರದ ವಾಹಕತೆ 2.5 ಡೆಸಿಸೀಮನ್ಸ್‌ವರೆಗೆ ಟೊಮ್ಯಾಟೊ ಇಳುವರಿ ಕುಗ್ಗುವುದಿಲ್ಲ; ಅಲ್ಲಿಂದ ಮುಂದೆ ಪ್ರತಿ ಒಂದಕ್ಕೆ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ. ಬೀನ್ಸ್‌ಗೆ ಮಿತಿ 1 ಮಾತ್ರ. ಅನಂತರ ಪ್ರತಿ ಒಂದಕ್ಕೆ ನೂರಕ್ಕೆ 19ರಷ್ಟು ನಷ್ಟ. ಮೇಲೆ ಹೇಳಿದ 2 ಡೆಸಿಸೀಮನ್ಸ್ ನೀರನ್ನೇ ಸಾಮಾನ್ಯ ರೀತಿಯಲ್ಲಿ ಹಾಯಿಸುತ್ತಾ ಬಂದರೆ ಮಣ್ಣಿನ ಸಾರ ಸುಮಾರು 3ಕ್ಕೆ ನಿಲ್ಲುತ್ತದೆ. ಆಗ ಟೊಮ್ಯಾಟೊದಲ್ಲಿ ನೂರಕ್ಕೆ 5 ಹೋದರೆ ಬೀನ್ಸ್‌ನಲ್ಲಿ 38 ಹೋಗುತ್ತದೆ. ಬಾವಿ ಒಂದೇ, ಬೆಳೆಗಾರನೂ ಒಬ್ಬನೇ. ಬೀಜದ ಅಂಗಡಿಯವರನ್ನು ದೂರುವ ಮೊದಲು ಈ ಲೆಕ್ಕವನ್ನು ಹಾಕಿ ನೋಡುವುದು ಒಳ್ಳೆಯದು. ಮೆಣಸಿನಕಾಯಿ, ಆಲೂಗಡ್ಡೆ, ಎಲೆಕೋಸುಗಳ ತಾಳಿಕೆ ಇವೆರಡರ ನಡುವಿನದು. ಕ್ಯಾರೆಟ್ ಬೀನ್ಸ್‌ನಷ್ಟೇ ಸೂಕ್ಷ್ಮ.

ಹಾಗಾದರೆ ಮಾಡುವುದೇನು? ಉಪ್ಪು ನೀರಿದ್ದವರು ನೀರುಣಿಸುವ ಅಂತರವನ್ನು ಹೆಚ್ಚಿಸಬಾರದು, ಮಣ್ಣು ಒಣಗಿದಷ್ಟೂ ಉಳಿದ ನೀರು ಗಟ್ಟಿಯಾಗುತ್ತದೆ. ಗಿಡಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ನೀರು ಕೊಟ್ಟು ಲವಣವನ್ನು ಬೇರಿನ ವಲಯದಿಂದ ಕೆಳಗಿಳಿಸಬೇಕು. 2 ಡೆಸಿಸೀಮನ್ಸ್ ನೀರಿನಲ್ಲಿ ಟೊಮ್ಯಾಟೊ ಇಳುವರಿ ಪೂರ್ತಿ ಉಳಿಯಬೇಕಾದರೆ ನೂರು ಲೀಟರಿನ ಬದಲು ಸುಮಾರು 125 ಲೀಟರ್ ಬೇಕಾಗುತ್ತದೆ. ನೀರಿಗೇ ಬರವಿರುವ ಸೀಮೆಯಲ್ಲಿ ಈ ಸಲಹೆ ಅಣಕದಂತೆ ಕಾಣಬಹುದು. ಕಾಲು ಎಕರೆ ಕಡಿಮೆ ನಾಟಿ ಮಾಡಿ ಉಳಿದುದಕ್ಕೆ ಈ ಹೆಚ್ಚುವರಿ ನೀರನ್ನು ಕೊಡುವುದು ಲಾಭದಾಯಕವೆಂದೇ ನನ್ನ ಅಭಿಪ್ರಾಯ. ನಮ್ಮ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ನೀರು ಚೆನ್ನಾಗಿ ಬಸಿಯುವುದರಿಂದ ಒಳ್ಳೆಯ ಮುಂಗಾರು ಹಿಂಗಾರು ಬಂದ ವರ್ಷ ಮಳೆಯೇ ಈ ಕೆಲಸ ಮಾಡಿಕೊಡುತ್ತದೆ. ಬದುಗಳನ್ನು ಗಟ್ಟಿ ಮಾಡಿ ಮಳೆನೀರು ಇದ್ದಲ್ಲೇ ಇಂಗುವಂತೆ ನೋಡಿಕೊಂಡರೆ ಸಾಕು. ಪಾಲಿಹೌಸ್‌ನೊಳಗೆ ಈ ಅನುಕೂಲವಿಲ್ಲ.

ಹನಿ ನೀರಾವರಿಯಲ್ಲಿ ಒಂದು ಸೂಕ್ಷ್ಮವಿದೆ. ಲವಣವು ಒದ್ದೆ ವಲಯದ ಅಂಚಿಗೆ ಸರಿದು ಅಲ್ಲಿ ಬಿಳಿಯಾಗಿ ಕಟ್ಟಿಕೊಳ್ಳುತ್ತದೆ. ಮೊದಲ ತುಂತುರು ಮಳೆ ಬಂದಾಗ ಸಂತೋಷದಿಂದ ಪಂಪು ನಿಲ್ಲಿಸುತ್ತೇವೆ. ಆ ಅಲ್ಪ ಮಳೆ ಅಂಚಿನ ಉಪ್ಪನ್ನು ಕರಗಿಸಿ ನೇರವಾಗಿ ಬೇರಿಗೆ ತಳ್ಳುತ್ತದೆ. ಚೆನ್ನಾಗಿ ಹದ ಮಳೆಯಾಗುವವರೆಗೆ ಹನಿ ನೀರನ್ನು ಬಿಡುತ್ತಲೇ ಇರಬೇಕು.

ರಸಗೊಬ್ಬರವೂ ಲವಣವೇ. ಸೋಡಿಯಂ ನೈಟ್ರೇಟಿನ ಸೆಳೆತವನ್ನು 100 ಎಂದಿಟ್ಟುಕೊಂಡರೆ, ಅಷ್ಟೇ ತೂಕದ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನದು 116, ಯೂರಿಯಾದು 75, ಸಲ್ಫೇಟ್ ಆಫ್ ಪೊಟ್ಯಾಷ್‌ನದು 46, ಸೂಪರ್ ಫಾಸ್ಫೇಟಿನದು 8. ಬೀಜಕ್ಕೆ ತಾಗುವಂತೆ ಪೊಟ್ಯಾಷ್ ಹಾಕಬಾರದೆನ್ನುವುದು ಇದಕ್ಕಾಗಿಯೇ. ಉಪ್ಪು ನೀರಿದ್ದವರು ಗೊಬ್ಬರವನ್ನು ಹೆಚ್ಚು ಕಂತುಗಳಲ್ಲಿ ಕೊಡಬೇಕು. ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು: ಯೂರಿಯಾ ಕರಗಿದರೂ ಸಕ್ಕರೆಯಂತೆ ಇಡಿಯಾಗಿಯೇ ಇರುವುದರಿಂದ ಜೇಬಿನ ಮೀಟರು ಅದನ್ನು ತೋರಿಸುವುದಿಲ್ಲ. ಗೊಬ್ಬರದ ತೊಟ್ಟಿಗೆ ಮೀಟರು ಅದ್ದಿ ನೀರು ತೆಳುವಾಗಿದೆ ಎಂದು ತೀರ್ಮಾನಿಸಬೇಡಿ.

ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳೂ ಇದೇ ತತ್ತ್ವದ ಮೇಲೆ ನಡೆಯುತ್ತವೆ, ಆದರೆ ಹಿಮ್ಮುಖವಾಗಿ. ಪಂಪಿನ ಒತ್ತಡದಿಂದ ನೀರನ್ನು ಗಟ್ಟಿ ಬದಿಯಿಂದ ತೆಳು ಬದಿಗೆ ತಳ್ಳುತ್ತಾರೆ. ಕೋಲಾರ ಜಿಲ್ಲೆಯ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಇರುವುದರಿಂದ ಈ ಘಟಕಗಳು ಅಗತ್ಯವೇ ಸರಿ. ಆದರೆ ಅರ್ಧ ನೀರು ಶುದ್ಧವಾಗಿ ಹೊರಬಂದರೆ ಉಳಿದರ್ಧದಲ್ಲಿ ಲವಣವೂ ಫ್ಲೋರೈಡೂ ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತವೆ. ಆ ತ್ಯಾಜ್ಯ ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತದೆಂದು ಪಕ್ಕದ ಸೊಪ್ಪಿನ ಮಡಿಗೆ ತಿರುಗಿಸುವ ರೂಢಿ ಒಳ್ಳೆಯದಲ್ಲ. ದನಕರುಗಳಿಗೂ ಕುಡಿಸಬಾರದು.

ಗಣಿ ಪ್ರದೇಶದ ಸುತ್ತಲಿನವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಚಿನ್ನ ಸಾದಾ ನೀರಿನಲ್ಲಿ ಕರಗುವುದಿಲ್ಲ. ಆದರೆ ತೀರ ತೆಳುವಾದ ಸೈನೈಡ್ ದ್ರಾವಣದಲ್ಲಿ, ಗಾಳಿಯ ಸಂಪರ್ಕವಿದ್ದರೆ, ಕರಗುತ್ತದೆ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಅದಿರಿನ ಪುಡಿಯಿಂದ ಹೀಗೆ ಚಿನ್ನ ತೆಗೆದು ಉಳಿದ ಹುಡಿಯನ್ನು ಗುಡ್ಡೆ ಹಾಕಲಾಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಸೈನೈಡ್ ಗುಡ್ಡಗಳು ನಿಂತೇ ಇವೆ. ಮಳೆ ಬಂದಾಗ ಅವುಗಳಿಂದ ಕರಗಿ ಇಳಿಯುವ ಲವಣ ತಗ್ಗಿನ ಜಮೀನು, ಕೆರೆಗಳ ಕಡೆಗೆ ಹರಿಯುತ್ತದೆ. ವಾಹಕತೆಯ ಮೀಟರು ಲವಣ ಎಷ್ಟೆಂದು ಹೇಳುತ್ತದೆಯೇ ಹೊರತು ಯಾವುದೆಂದು ಹೇಳುವುದಿಲ್ಲ. ಸೈನೈಡ್, ಆರ್ಸೆನಿಕ್, ಫ್ಲೋರೈಡ್ ಇವು ಮೀಟರಿಗೆ ಕಾಣದಷ್ಟು ಅಲ್ಪ ಪ್ರಮಾಣದಲ್ಲಿಯೇ ಅಪಾಯಕಾರಿ. ಗುಡ್ಡಗಳ ಇಳಿಜಾರಿನಲ್ಲಿ ಬಾವಿ ಇರುವವರು ಇವುಗಳಿಗಾಗಿ ಬೇರೆಯೇ ಪರೀಕ್ಷೆ ಮಾಡಿಸಬೇಕು.

ಸಾಮಾನ್ಯ ನೀರಾವರಿ ಪರೀಕ್ಷೆಗೆ ಮಾದರಿ ತೆಗೆಯುವುದು ಸುಲಭ. ಪಂಪನ್ನು ಅರ್ಧ ಗಂಟೆ ಓಡಿಸಿ, ಸ್ವಚ್ಛವಾದ ಪ್ಲಾಸ್ಟಿಕ್ ಶೀಶೆಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಗಾಳಿ ಉಳಿಯದಂತೆ ಕಂಠದವರೆಗೆ ಅರ್ಧ ಲೀಟರ್ ತುಂಬಿ ಮುಚ್ಚಬೇಕು. ಗೊಬ್ಬರ, ಔಷಧಿ, ಸೀಮೆಎಣ್ಣೆ ತುಂಬಿದ್ದ ಶೀಶೆ ಬೇಡ. ಹೆಸರು, ಗ್ರಾಮ, ಸರ್ವೆ ನಂಬರು, ಬಾವಿಯ ಆಳ, ಹಾಕಲಿರುವ ಬೆಳೆ ಇವನ್ನು ಚೀಟಿಯಲ್ಲಿ ಬರೆದು ಅಂಟಿಸಿ ಒಂದೆರಡು ದಿನದೊಳಗೆ ಮಣ್ಣು ಪರೀಕ್ಷಾ ಕೇಂದ್ರಕ್ಕೆ ತಲುಪಿಸಿ. ಯಾವ ಕೇಂದ್ರವೆಂಬುದನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ವರದಿಯಲ್ಲಿ ವಾಹಕತೆ 0.7ಕ್ಕಿಂತ ಕಡಿಮೆ ಇದ್ದರೆ ಲವಣದ ದೃಷ್ಟಿಯಿಂದ ಯಾವ ಬೆಳೆಗೂ ಅಡ್ಡಿಯಿಲ್ಲ, 0.7ರಿಂದ 3ರವರೆಗೆ ಬೆಳೆ ನೋಡಿ ಬಳಸಬೇಕು. 3ನ್ನು ಮೀರಿದರೆ ತರಕಾರಿಯ ಆಸೆ ಬಿಡುವುದು ಮೇಲು. ಅದೇ ವರದಿಯಲ್ಲಿ ಸೋಡಿಯಂ ಹೆಚ್ಚೆಂದಿದ್ದರೆ ಜಿಪ್ಸಂ ಪ್ರಮಾಣವನ್ನು ಅಲ್ಲಿಯೇ ಕೇಳಿ ಬರೆಸಿಕೊಳ್ಳಿ. ಮಳೆಗಾಲ ಮುಗಿದ ಮೇಲೊಮ್ಮೆ, ಏಪ್ರಿಲ್ ಕೊನೆಗೊಮ್ಮೆ ಮಾದರಿ ಕೊಡಬೇಕು, ಏಕೆಂದರೆ ಒಂದೇ ಬಾವಿಯ ನೀರು ಈ ಎರಡು ಕಾಲಗಳಲ್ಲಿ ಬೇರೆ ಬೇರೆ ಅಂಕಿ ತೋರಿಸಬಹುದು.