ಮೋಟಾರು ಸೈಕಲ್ಲಿಗೆ ಹೆಚ್ಚುವರಿ ದೀಪ ಮತ್ತು ತಿರುವು ಸೂಚಕಗಳ ಜೋಡಣೆ

ಹೈದರಾಬಾದಿನಲ್ಲಿ ನೆಲೆಸಿರುವ ಬೀದರ್ ಜಿಲ್ಲೆಯ ಅನೇಕರು ಮೋಟಾರು ಸೈಕಲ್ಲಿನಲ್ಲಿಯೇ ಊರಿಗೆ ಹೋಗಿ ಬರುತ್ತಾರೆ. ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟೆಗಳ ಮಾರ್ಗವಾಗಿ ಜಹೀರಾಬಾದಿನವರೆಗೆ ಸಾಗಿ, ಅಲ್ಲಿಂದ ಬಲಕ್ಕೆ ಬೀದರಿನ ರಸ್ತೆ ಹಿಡಿಯಬೇಕು. ದೂರ ಸುಮಾರು 140 ಕಿಲೋಮೀಟರ್. ಕಬ್ಬಿನ ಸುಗ್ಗಿಯಲ್ಲಿ ಹಿಂಬದಿಯ ದೀಪವಿಲ್ಲದ ಟ್ರಾಕ್ಟರುಗಳು ರಾತ್ರಿಯ ವೇಳೆ ಎದುರಾಗುವುದುಂಟು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ, ಅಷ್ಟರಲ್ಲೇ 25 ಮೀಟರ್ ಕಳೆದಿರುತ್ತದೆ. ಆದುದರಿಂದ ಹಲವರು ಹೆಚ್ಚುವರಿ ದೀಪಗಳನ್ನು ಅಳವಡಿಸಿಕೊಳ್ಳಲು ಬಯಸುತ್ತಾರೆ. ಆದರೆ ಸವಾರನಿಗೆ ದಾರಿ ತೋರುವ ಬೆಳಕು ಎದುರಿನವರ ಕಣ್ಣು ಕುಕ್ಕಿದರೆ ಇಬ್ಬರಿಗೂ ಅಪಾಯವೇ.

ಕಾನೂನಿನ ಮಿತಿ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ವಿಶೇಷ ಸಂದರ್ಭಗಳಲ್ಲಿ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಪಡೆದ ಹೊರತು ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಹಾಕುವಂತಿಲ್ಲ. ದೀಪಗಳನ್ನು ಕೊಳ್ಳುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ವಿದ್ಯುತ್ತಿನ ಲೆಕ್ಕ

ವ್ಯಾಟ್ ಸಂಖ್ಯೆಯನ್ನು ವೋಲ್ಟ್ ಸಂಖ್ಯೆಯಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳು 12 ವೋಲ್ಟಿನಲ್ಲಿ 9 ಆಂಪಿಯರಿಗೂ ಮಿಕ್ಕಿ ವಿದ್ಯುತ್ ಸೆಳೆಯುತ್ತವೆ. 10 ವ್ಯಾಟಿನ ಎರಡು ಎಲ್‌ಇಡಿ ದೀಪಗಳು 2 ಆಂಪಿಯರಿಗಿಂತ ಕಡಿಮೆ. 2017ರ ಏಪ್ರಿಲ್‌ನಿಂದ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ನಡೆಯುವಾಗ ಹೆಡ್‌ಲೈಟ್ ಸದಾ ಉರಿಯುತ್ತಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದು, ಒಟ್ಟು ಹೊರೆಯು ಆಲ್ಟರ್ನೇಟರಿನ ಸಾಮರ್ಥ್ಯವನ್ನು ಮೀರದಂತೆ ನೋಡಿಕೊಳ್ಳಬೇಕು. ಮೀರಿದಲ್ಲಿ ಬ್ಯಾಟರಿ ಬರಿದಾಗಿ ವಾಹನವು ನಡುದಾರಿಯಲ್ಲಿ ನಿಲ್ಲಬಹುದು.

ಜೋಡಣೆಯ ಕ್ರಮ

ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಕೊನೆಯಲ್ಲಿ ಅದನ್ನೇ ಜೋಡಿಸಬೇಕು. ಧನ ತುದಿಯಿಂದ ಹೊರಟ ತಂತಿಗೆ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರಲಿ. ಅಲ್ಲಿಂದ ರಿಲೇಯ 30ನೆಯ ತುದಿಗೆ, 87ರಿಂದ ದೀಪಗಳಿಗೆ ಸಂಪರ್ಕ ಕೊಡಬೇಕು. 85 ಮತ್ತು 86ರ ಪೈಕಿ ಒಂದನ್ನು ಋಣಕ್ಕೂ, ಇನ್ನೊಂದನ್ನು ಪ್ರತ್ಯೇಕ ಸ್ವಿಚ್ಚಿನ ಮೂಲಕ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ತಂತಿಗೂ ಸೇರಿಸಬೇಕು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ತಂತಿಯು ಬಿಗಿಯಾಗುವುದಿಲ್ಲವೆಂದೂ ಲೋಹಕ್ಕೆ ಉಜ್ಜುವುದಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು.

ಬೆಳಕಿನ ದಿಕ್ಕು

ಹಿಂಬದಿಯಲ್ಲಿ ಹೊರೆಯಿದ್ದರೆ ವಾಹನದ ಹಿಂಭಾಗ ಕುಸಿದು ದೀಪದ ಮುಖ ಮೇಲೇರುತ್ತದೆ. ಆದ್ದರಿಂದ ಸಾಮಾನು ಹೇರಿ, ಸವಾರನು ಕುಳಿತ ನಂತರವೇ ಪರೀಕ್ಷಿಸಬೇಕು. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 7 ಅಥವಾ 8 ಮೀಟರ್ ದೂರ ನಿಲ್ಲಿಸಿ, ದೀಪದ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಬೇಕು. ಬೆಳಕಿನ ಮೇಲಂಚು ಆ ಗುರುತಿಗಿಂತ ಕೆಳಗಿರಬೇಕು. ಎದುರಿನಿಂದ ವಾಹನ ಬಂದಾಗ ಹೆಚ್ಚುವರಿ ದೀಪಗಳನ್ನು ಆರಿಸುವುದು ಸವಾರನ ಕರ್ತವ್ಯ.

ತಿರುವು ಸೂಚಕಗಳು

ಜಹೀರಾಬಾದಿನಲ್ಲಿ ಬಲಕ್ಕೆ ತಿರುಗುವ ಸವಾರನ ಉದ್ದೇಶವನ್ನು ಹಿಂದಿನ ಲಾರಿಯ ಚಾಲಕನಿಗೆ ತಿಳಿಸುವ ಮುಖ್ಯ ಸಾಧನವೇ ಇಂಡಿಕೇಟರ್. ಪಕ್ಕದ ಚೀಲಗಳು ಅದನ್ನು ಮರೆಮಾಡಬಾರದು. ಹೆಚ್ಚುವರಿ ದೀಪದ ಪ್ರಖರತೆಯಲ್ಲಿ ಮುಂದಿನ ಸೂಚಕವು ಮಂಕಾಗಲೂಬಾರದು. ಅದರ ಬಣ್ಣ ಹಳದಿಮಿಶ್ರಿತ ಕಿತ್ತಳೆಯಾಗಿದ್ದು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ, 120 ಮೀರದೆ ಮಿನುಗಬೇಕೆಂದು ನಿಯಮವಿದೆ. 10 ವ್ಯಾಟಿನ ಬಲ್ಬುಗಳ ಸ್ಥಾನದಲ್ಲಿ ಎಲ್‌ಇಡಿ ಹಾಕಿದಾಗ, ವಿದ್ಯುತ್ ಸೆಳೆತ ತಗ್ಗುವುದರಿಂದ ಹಳೆಯ ಫ್ಲಾಷರ್ ಬಲ್ಬು ಸುಟ್ಟಿದೆಯೆಂಬಂತೆ ಅತಿವೇಗವಾಗಿ ಮಿನುಗಿಸುತ್ತದೆ. ಎಲ್‌ಇಡಿಗೆ ತಕ್ಕ ಫ್ಲಾಷರ್ ಹಾಕುವುದೇ ಇದಕ್ಕೆ ಪರಿಹಾರ. ಗಡಿಯಾರ ನೋಡಿ ಅರ್ಧ ನಿಮಿಷ ಎಣಿಸಿ. ಎಣಿಕೆ 30 ಮತ್ತು 60ರ ನಡುವೆ ಇರಬೇಕು. ಬಳಿಕ ಇಪ್ಪತ್ತು ಹೆಜ್ಜೆ ಹಿಂದೆ ಸರಿದು, ಹಗಲಿನಲ್ಲೊಮ್ಮೆ, ಕತ್ತಲಲ್ಲೊಮ್ಮೆ ಎರಡೂ ಬದಿಗಳಿಂದ ನೋಡಿ.

ನಮ್ಮ ವಾಹನವು ಹಿಂದಿನವರಿಗೂ ಎದುರಿನವರಿಗೂ ಹೇಗೆ ಕಾಣುತ್ತದೆಂಬುದನ್ನು ಹೊರಡುವ ಮುನ್ನ ನಾವೇ ಒಮ್ಮೆ ಕಂಡುಕೊಂಡರೆ, ಊರು ಸುಖವಾಗಿ ಸೇರಬಹುದು.